ಒಂದೇ ಅಪ್‌ಡೇಟ್ ನಲವತ್ತು ಸಲ ಯಾಕೆ ಇಳೀಬೇಕು? ಸರ್ವರ್‌ಗಳ ನಡುವೆ ಪ್ಯಾಕೇಜ್ ಹಂಚಿಕೊಳ್ಳೋದು ಹೇಗೆ

ಪೀಣ್ಯ_ರ‍್ಯಾಕ್
ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದಲ್ಲಿ 40 ಸರ್ವರ್ ಇವೆ: 26 ಉಬುಂಟು 22.04, 8 ಡೆಬಿಯನ್ 12, 6 ರಾಕಿ 9, ಮೂರೂ ಲಿನಕ್ಸ್‌ನ ಬಗೆಗಳು. ಬಹುಪಾಲು ವಿಎಂಗಳು (ಒಂದು ದೊಡ್ಡ ಯಂತ್ರದೊಳಗೆ ಓಡೋ ವರ್ಚುವಲ್ ಸರ್ವರ್‌ಗಳು). ಇಂಟರ್ನೆಟ್ 50 ಎಂಬಿಪಿಎಸ್‌ನ ಒಂದೇ ಲೈನ್, ಆಫೀಸಿನ ಕೆಲಸವೂ ಅದರಲ್ಲೇ ನಡೀಬೇಕು.

ಕರ್ನಲ್ ಅಪ್‌ಡೇಟ್ ಬಂದ ದಿನ ಒಂದೊಂದು ಯಂತ್ರಕ್ಕೂ ಹತ್ತಿರ ಹತ್ತಿರ 350 ಎಂಬಿ ಇಳಿಯತ್ತೆ. 40 ಸಲ ಅಂದ್ರೆ 14 ಜಿಬಿ. ಸೆಕೆಂಡಿಗೆ 6.25 ಎಂಬಿ ಲೆಕ್ಕದಲ್ಲಿ, ಬೇರೆ ಯಾರೂ ಲೈನ್ ಮುಟ್ಟದಿದ್ರೂ 37 ನಿಮಿಷ ಬೇಕು. ಬೆಳಗ್ಗೆ 9ಕ್ಕೆ ಎಲ್ಲಾ ಸರ್ವರ್‌ಗಳಲ್ಲೂ ಒಂದೇ ಕ್ರಾನ್ (ಗೊತ್ತಾದ ಹೊತ್ತಿಗೆ ತಾನೇ ಓಡೋ ಕೆಲಸ) ಓಡತ್ತೆ. ಆ ಹೊತ್ತಿಗೆ ಟ್ಯಾಲಿನೂ ತೆರೆಯಲ್ಲ, ಮೇಲ್ ಕೂಡ ಹೋಗಲ್ಲ.

ಮೂರು ದಾರಿ ಕಾಣ್ತಿದೆ. ಆಪ್ಟ್ (ಉಬುಂಟು, ಡೆಬಿಯನ್‌ನಲ್ಲಿ ಪ್ಯಾಕೇಜ್ ಇಳಿಸಿ ಹಾಕೋ ಪ್ರೋಗ್ರಾಂ) ಇಳಿಸಿಟ್ಟ ಫೈಲುಗಳ ಫೋಲ್ಡರನ್ನ ಎನ್‌ಎಫ್‌ಎಸ್‌ನಲ್ಲಿ ಎಲ್ಲರಿಗೂ ಹಂಚೋದು, ಪೂರ್ತಿ ಮಿರರ್ (ಹೊರಗಿನ ಪ್ಯಾಕೇಜ್ ಸಂಗ್ರಹದ ನಕಲು) ಇಲ್ಲೇ ಇಟ್ಕೊಳ್ಳೋದು, ಇಲ್ಲ ನಡುವೆ ಒಂದು ಕ್ಯಾಶ್ ಪ್ರಾಕ್ಸಿ (ಒಮ್ಮೆ ಇಳಿದ ಫೈಲ್ ಇಟ್ಟುಕೊಂಡು ಉಳಿದವಕ್ಕೂ ಕೊಡೋ ಮಧ್ಯವರ್ತಿ) ಕೂರಿಸೋದು. ಯಾವುದು ಸರಿ? ಸ್ಟೆಪ್ ಸಮೇತ ಹೇಳಿದ್ರೆ ಉಪಕಾರ ಆಗತ್ತೆ.

ಕಣಜ_3142
ಕ್ಯಾಶ್ ಪ್ರಾಕ್ಸಿ. ನಿಮ್ಮ 34 ಆಪ್ಟ್ ಯಂತ್ರಗಳಿಗೆ ಬೇರೆ ಯೋಚನೆಯೇ ಬೇಡ.

ಒಂದು ಸಣ್ಣ ಡೆಬಿಯನ್ ವಿಎಂ ಎತ್ತಿ: 1 ಸಿಪಿಯು, 1 ಜಿಬಿ ರ‍್ಯಾಮ್, 50 ಜಿಬಿ ಡಿಸ್ಕ್. ಅದರಲ್ಲಿ ಆಪ್ಟ್-ಕ್ಯಾಷರ್-ಎನ್‌ಜಿ ಇನ್‌ಸ್ಟಾಲ್ ಮಾಡಿ. ಎಚ್‌ಟಿಟಿಪಿ ಟನಲ್ ಬಿಡಬೇಕಾ ಅಂತ ಕೇಳತ್ತೆ, ಸದ್ಯಕ್ಕೆ ಬೇಡ ಅನ್ನಿ. ಅದು 3142ನೇ ಪೋರ್ಟ್‌ನಲ್ಲಿ ಕಾಯ್ತಿರತ್ತೆ.

ಕ್ಲೈಂಟ್ ಕಡೆ /ಇಟಿಸಿ/ಆಪ್ಟ್/ಆಪ್ಟ್.ಕಾನ್ಫ್.ಡಿ ಒಳಗೆ 01ಪ್ರಾಕ್ಸಿ ಅಂತ ಒಂದು ಫೈಲ್ ಇಡಿ. ಅದರಲ್ಲಿ ಒಂದೇ ಸಾಲು: ಅಕ್ವೈರ್::ಎಚ್‌ಟಿಟಿಪಿ::ಪ್ರಾಕ್ಸಿ, ಅದರ ಮುಂದೆ ಉದ್ಧರಣ ಚಿಹ್ನೆಯೊಳಗೆ ಪ್ರಾಕ್ಸಿಯ ವಿಳಾಸ ಮತ್ತು 3142, ಕೊನೆಗೆ ಸೆಮಿಕೋಲನ್. ಸೆಮಿಕೋಲನ್ ಬಿಟ್ರೆ ಆಪ್ಟ್ ಅಲ್ಲೇ ನಿಲ್ಲತ್ತೆ. ಫೈಲ್ ಹೆಸರಿಗೆ ಬಾಲ ಬೇಡ, ಬೇಕೇ ಬೇಕು ಅಂದ್ರೆ ಕಾನ್ಫ್ ಮಾತ್ರ. ಟಿಎಕ್ಸ್‌ಟಿ ಅಂತ ಇಟ್ಟರೆ ಆಪ್ಟ್ ಆ ಫೈಲನ್ನ ಓದೋದೇ ಇಲ್ಲ. ಪ್ರಾಕ್ಸಿ ಹಾಕಿದೀನಿ, ಆದ್ರೂ ನೇರವಾಗಿ ಹೋಗ್ತಿದೆ ಅನ್ನೋ ದೂರುಗಳಲ್ಲಿ ಅರ್ಧ ಇದೇ.

ಮೊದಲ ಯಂತ್ರ ಕೇಳಿದಾಗ ಫೈಲ್ ಹೊರಗಿಂದ ಬರತ್ತೆ, ಆಮೇಲೆ ಅದೇ ಫೈಲ್ ಕೇಳೋ ಉಳಿದ ಯಂತ್ರಗಳಿಗೆ ಲ್ಯಾನ್ ವೇಗದಲ್ಲಿ ಸಿಗತ್ತೆ. ಇಬ್ಬರು ಒಂದೇ ಕ್ಷಣದಲ್ಲಿ ಒಂದೇ ಫೈಲ್ ಕೇಳಿದ್ರೂ ಹೊರಗಿಂದ ಒಂದೇ ಡೌನ್‌ಲೋಡ್, ಬರ್ತಾ ಇರೋದನ್ನೇ ಇಬ್ಬರಿಗೂ ಹರಿಸತ್ತೆ. ನಿಮ್ಮ 9 ಗಂಟೆಯ ಕ್ರಾನ್‌ಗೆ ಮುಖ್ಯವಾಗಿ ಬೇಕಾಗಿರೋದು ಇದು.

ಮಲ್ಲೇಶ್ವರಂ_ಶೆಲ್
ಎನ್‌ಎಫ್‌ಎಸ್ ದಾರಿ ಯಾಕೆ ಬೇಡ ಅನ್ನೋದನ್ನೂ ಹೇಳಿಬಿಡ್ತೀನಿ. ನೋಡೋಕೆ ಅದೇ ಸುಲಭ ಅನ್ಸತ್ತೆ, ಹಾಗಾಗಿ ತುಂಬಾ ಜನ ಮೊದಲು ಅಲ್ಲಿಗೇ ಹೋಗ್ತಾರೆ.

ಆರ್ಕೈವ್ಸ್ ಫೋಲ್ಡರ್ ಒಳಗೆ ಲಾಕ್ ಅಂತ ಒಂದು ಫೈಲ್ ಇರತ್ತೆ. ಒಂದು ಯಂತ್ರ ಅದನ್ನ ಹಿಡಿದಿದ್ದಾಗ ಇನ್ನೊಂದು ಕಾಯ್ಬೇಕು, ಇಲ್ಲ ಎರರ್ ಕೊಟ್ಟು ಹೊರಗೆ ಬರಬೇಕು. 34 ಯಂತ್ರ ಕ್ಯೂ ನಿಲ್ಲತ್ತೆ. ಎನ್‌ಎಫ್‌ಎಸ್‌ನಲ್ಲಿ ಲಾಕ್ ಸರಿಯಾಗಿ ಕೆಲಸ ಮಾಡದಿದ್ರೆ ಇನ್ನೂ ಕೆಟ್ಟದ್ದು: ಪಾರ್ಷಿಯಲ್ ಫೋಲ್ಡರ್‌ನಲ್ಲಿ ಇಬ್ಬರು ಒಂದೇ ಫೈಲ್ ಬರೀತಾರೆ. ಡೌನ್‌ಲೋಡ್ ಮಾಡೋದು ರೂಟ್ ಅಲ್ಲ, _ಆಪ್ಟ್ ಅನ್ನೋ ಬೇರೆ ಯೂಸರ್. ರೂಟ್ ಸ್ಕ್ವಾಶ್ (ಕ್ಲೈಂಟಿನ ರೂಟ್‌ಗೆ ಅಧಿಕಾರ ಕೊಡದ ನಿಯಮ) ಹಾಕಿರೋ ಎನ್‌ಎಫ್‌ಎಸ್ ಮೇಲೆ ಆ ಫೋಲ್ಡರಿನ ಮಾಲೀಕತ್ವ ಬದಲಿಸೋಕೆ ಆಗದೆ ಪರ್ಮಿಷನ್ ತಕರಾರು ಶುರು.

ಇನ್ನೊಂದು. ಆಪ್ಟ್ ಅನ್ನೋ ಹೊಸ ಕಮಾಂಡ್ ಇನ್‌ಸ್ಟಾಲ್ ಆದಮೇಲೆ ಡೆಬ್ ಫೈಲುಗಳನ್ನ, ಅಂದ್ರೆ ಇಳಿದ ಪ್ಯಾಕೇಜ್ ಫೈಲುಗಳನ್ನ, ತಾನೇ ಅಳಿಸತ್ತೆ, ಆಪ್ಟ್-ಗೆಟ್ ಅಳಿಸಲ್ಲ. ಒಬ್ಬ ಆಪ್ಟ್ ಅಂತ ಹೊಡೆದ್ರೆ ಅವನು ಹಾಕಿದ ಫೈಲುಗಳು ಹಂಚಿಕೊಂಡ ಫೋಲ್ಡರಿನಿಂದ ಮಾಯ. ಜೊತೆಗೆ ಇಂಡೆಕ್ಸ್ ಫೈಲುಗಳು (ಯಾವ ಪ್ಯಾಕೇಜ್ ಇದೆ ಅನ್ನೋ ಪಟ್ಟಿ) ಇರೋದೇ ಬೇರೆ ಫೋಲ್ಡರಲ್ಲಿ, ಅವು ಹೇಗಿದ್ರೂ 34 ಸಲ ಇಳಿಯತ್ತೆ.

ಜಯನಗರ_4ನೇ_ಬ್ಲಾಕ್
ಮಿರರ್ ಇಡಿ ಸಾರ್. ಒಂದ್ಸಲ ಇಳಿಸಿ, ಆಮೇಲೆ ಚಿಂತೆ ಇಲ್ಲ.

ಕಣಜ_3142
@ಜಯನಗರ_4ನೇ_ಬ್ಲಾಕ್ ಒಂದ್ಸಲ ಅಲ್ಲ ಸಾರ್, ದಿನಾ. ಉಬುಂಟು 22.04ರ ಮೇನ್, ಯೂನಿವರ್ಸ್ ಮತ್ತೆ ಅಪ್‌ಡೇಟ್ಸ್, ಒಂದೇ ಆರ್ಕಿಟೆಕ್ಚರ್ ತಗೊಂಡ್ರೂ ನೂರಾರು ಜಿಬಿ. ಡೆಬಿಯನ್ 12 ಸೇರಿದ್ರೆ ಅದರ ಮೇಲೆ ಇನ್ನಷ್ಟು. ಅದರಲ್ಲಿ ಈ 34 ಯಂತ್ರಗಳು ಜನ್ಮದಲ್ಲಿ ಮುಟ್ಟೋದು ಎರಡು-ಮೂರು ಸಾವಿರ ಪ್ಯಾಕೇಜ್. ಲಿಬ್ರೆಆಫೀಸಿನ ಹೊಸ ಆವೃತ್ತಿ ಬಂದಾಗ ಯಾವ ಸರ್ವರೂ ಕೇಳದಿದ್ರೂ ಮಿರರ್ ಅದನ್ನ ಇಳಿಸತ್ತೆ. 50 ಎಂಬಿಪಿಎಸ್ ಲೈನ್ ಉಳಿಸೋಕೆ ಹೋಗಿ ಅದನ್ನೇ ತುಂಬಿಸಿದ ಹಾಗೆ. ಕ್ಯಾಶ್ ಆದ್ರೆ ಕೇಳಿದ್ದನ್ನ ಮಾತ್ರ ಇಡತ್ತೆ.

ಎಲೆಕ್ಟ್ರಾನಿಕ್_ಸಿಟಿ_ಆಪ್ಸ್
ಮಿರರ್ ಅಂದ ಕೂಡಲೇ ತಳ್ಳಿಹಾಕಬೇಡಿ. ಸರ್ವರ್‌ಗಳಿಗೆ ಇಂಟರ್ನೆಟ್ಟೇ ಕೊಡದ ಜಾಗಗಳಿವೆ. ಅಲ್ಲಿ ಮಿರರ್ ಬಿಟ್ಟರೆ ಗತಿ ಇಲ್ಲ.

ಇಡೋದಾದ್ರೆ ಸಿಂಕ್ ಕ್ರಮ ತಪ್ಪಬಾರದು. ಮೊದಲು ಪೂಲ್, ಅಂದ್ರೆ ನಿಜವಾದ ಡೆಬ್ ಫೈಲುಗಳು, ಬರಬೇಕು. ಅದು ಪೂರ್ತಿ ಆದಮೇಲೆ ಡಿಸ್ಟ್ಸ್ ಫೋಲ್ಡರಿನ ಇಂಡೆಕ್ಸ್. ಹಳೆಯದನ್ನ ಅಳಿಸೋದು ಎಲ್ಲಕ್ಕಿಂತ ಕೊನೆಗೆ. ಬರೀ ಆರ್‌ಸಿಂಕ್ ಒಂದೇ ಸಲ ಓಡಿಸಿದ್ರೆ ಹೊಸ ಇಂಡೆಕ್ಸ್ ಬಂದಿರತ್ತೆ, ಅದು ಹೇಳೋ ಫೈಲ್ ಇನ್ನೂ ಬಂದಿರಲ್ಲ, ಕ್ಲೈಂಟ್‌ಗೆ 404. ಡೆಬಿಯನ್‌ನವರ ಎಫ್‌ಟಿಪಿಸಿಂಕ್ ಈ ಎರಡು ಹಂತಗಳನ್ನ ತಾನೇ ಮಾಡತ್ತೆ. ಸ್ವಲ್ಪ ಭಾಗ ಸಾಕು ಅಂದ್ರೆ ಡೆಬ್‌ಮಿರರ್‌ನಲ್ಲಿ ಆರ್ಕಿಟೆಕ್ಚರ್, ಸೆಕ್ಷನ್ ಆರಿಸಬಹುದು.

ಡೆಬಿಯನ್ ಸೆಕ್ಯುರಿಟಿಯ ರಿಲೀಸ್ ಫೈಲಿಗೆ ಅವಧಿ ದಿನಾಂಕ ಇರತ್ತೆ. ಸಿಂಕ್ ನಿಂತು ಒಂದು ವಾರ ದಾಟಿದ್ರೆ ಕ್ಲೈಂಟ್‌ಗಳು ರಿಲೀಸ್ ಫೈಲ್ ಎಕ್ಸ್‌ಪೈರ್ ಆಗಿದೆ ಅಂತ ನಿರಾಕರಿಸತ್ತೆ. ಆಗ ಆ ಪರೀಕ್ಷೆಯನ್ನೇ ಆಫ್ ಮಾಡೋರಿದಾರೆ. ಮಾಡಬೇಡಿ. ಮಿರರ್ ಹಳಸಿದೆ ಅಂತ ಅದು ಎಚ್ಚರಿಸ್ತಿದೆ, ಸಿಂಕ್ ಸರಿಮಾಡಿ.

ಪೀಣ್ಯ_ರ‍್ಯಾಕ್
ಕ್ಯಾಶ್ ಹಾಕಿ ನೋಡಿದೆ, ಉಬುಂಟು ಡೆಬಿಯನ್ ಎರಡೂ ಓಡ್ತಿದೆ. ಆದ್ರೆ 12 ಯಂತ್ರಗಳಲ್ಲಿ ಡಾಕರ್ ರೆಪೊ (ಪ್ಯಾಕೇಜ್ ಸಂಗ್ರಹ) ಇದೆ, ಅದು ಎಚ್‌ಟಿಟಿಪಿಎಸ್. ಅದಕ್ಕೆ 403 (ಅನುಮತಿ ಇಲ್ಲ) ಬರ್ತಿದೆ.

ಕಣಜ_3142
ಟನಲ್ ಬೇಡ ಅಂದಿದ್ದಕ್ಕೇ 403. ಎರಡು ದಾರಿ ಇದೆ.

ಸುಲಭದ್ದು: ಎಸಿಎನ್‌ಜಿ.ಕಾನ್ಫ್‌ನಲ್ಲಿ ಪಾಸ್‌ಥ್ರೂಪ್ಯಾಟರ್ನ್ ಸಾಲಿಗೆ ಆ ಹೋಸ್ಟ್ ಹೆಸರು ಮತ್ತು 443 ಕೊಡಿ. ಓಡತ್ತೆ. ಆದ್ರೆ ಗೂಢಲಿಪಿಯ ಕೊಳವೆ ಮೂಲಕ ಹೋಗೋದ್ರಿಂದ ಒಳಗೆ ಏನಿದೆ ಅಂತ ಪ್ರಾಕ್ಸಿಗೆ ಕಾಣಲ್ಲ, ಕ್ಯಾಶ್ ಆಗಲ್ಲ. 12 ಸಲವೂ ಹೊರಗಿಂದಲೇ ಬರತ್ತೆ.

ಕ್ಯಾಶ್ ಆಗಬೇಕು ಅಂದ್ರೆ ಸೋರ್ಸ್ ಸಾಲಿನ ವಿಳಾಸ ಬದಲಿಸಿ: ಎಚ್‌ಟಿಟಿಪಿ ಅಂತ ಶುರುಮಾಡಿ, ಕೋಲನ್, ಎರಡು ಓರೆಗೆರೆ, ಅಲ್ಲಿ ದೊಡ್ಡಕ್ಷರದಲ್ಲಿ ಎಚ್‌ಟಿಟಿಪಿಎಸ್, ಮೂರು ಓರೆಗೆರೆ, ಆಮೇಲೆ ಡಾಕರ್ ರೆಪೊದ ಹೋಸ್ಟ್ ಮತ್ತು ದಾರಿ. ಆಗ ಕ್ಲೈಂಟಿನಿಂದ ಪ್ರಾಕ್ಸಿ ತನಕ ಬರೀ ಎಚ್‌ಟಿಟಿಪಿ, ಪ್ರಾಕ್ಸಿಯಿಂದ ಹೊರಗೆ ಎಚ್‌ಟಿಟಿಪಿಎಸ್. ನೋಡೋಕೆ ವಿಚಿತ್ರ, ಆದ್ರೆ ಅದು ಅವರೇ ಕೊಟ್ಟಿರೋ ಸೌಲಭ್ಯ.

ವೈಟ್‌ಫೀಲ್ಡ್_ಸೆಕ್
ತಡೀರಿ. ಲ್ಯಾನ್‌ನಲ್ಲಿ ಬರೀ ಎಚ್‌ಟಿಟಿಪಿ ಓಡಿಸಿ ಅಂತ ಹೇಳ್ತಿದೀರಲ್ಲ, ನಡುವೆ ಯಾರಾದರೂ ಫೈಲ್ ಬದಲಿಸಿದ್ರೆ?

ಮಲ್ಲೇಶ್ವರಂ_ಶೆಲ್
ಬದಲಿಸಿದ್ರೆ ಇನ್‌ಸ್ಟಾಲ್ ಆಗಲ್ಲ ಮೇಡಂ. ಇನ್‌ರಿಲೀಸ್ ಫೈಲಿಗೆ ಜಿಪಿಜಿ ಸಹಿ, ಅದರೊಳಗೆ ಪ್ಯಾಕೇಜಸ್ ಫೈಲಿನ ಹ್ಯಾಶ್ (ಫೈಲ್ ಬದಲಾದ್ರೆ ತಾನೂ ಬದಲಾಗೋ ಗುರುತು), ಅದರೊಳಗೆ ಒಂದೊಂದು ಡೆಬ್‌ನ ಹ್ಯಾಶ್. ಸಾಗಿಸೋ ದಾರಿಯನ್ನ ಆಪ್ಟ್ ನಂಬೋದೇ ಇಲ್ಲ, ಸಹಿಯನ್ನ ಮಾತ್ರ ನಂಬತ್ತೆ.

ವೈಟ್‌ಫೀಲ್ಡ್_ಸೆಕ್
ಆ ಸರಪಳಿ ನನಗೂ ಗೊತ್ತು. ಆದ್ರೆ 2019ರ ಜನವರಿಯ ಸಿವಿಇ-2019-3462 (ಸಿವಿಇ ಅಂದ್ರೆ ಭದ್ರತಾ ದೋಷದ ದಾಖಲೆ ಸಂಖ್ಯೆ) ಮರೆಯಬೇಡಿ. ಎಚ್‌ಟಿಟಿಪಿ ರೀಡೈರೆಕ್ಟ್ ಉತ್ತರವನ್ನ ಆಪ್ಟ್ ಸರಿಯಾಗಿ ಶುಚಿಮಾಡ್ತಿರಲಿಲ್ಲ. ನಡುವೆ ಕೂತವನು ಸುಳ್ಳು ಹ್ಯಾಶ್ ತುರುಕಿ ರೂಟ್ ಆಗಿ ಬೇಕಾದ್ದು ಓಡಿಸಬಹುದಿತ್ತು. ಸಹಿ ಸರಪಳಿ ಸರಿಯಾಗಿಯೇ ಇತ್ತು, ಅದನ್ನ ನೋಡಬೇಕಾದ ಕೋಡ್‌ನಲ್ಲಿ ತೂತಿತ್ತು. ಆಗಿನ ಡೆಬಿಯನ್ ಸ್ಟೇಬಲ್‌ಗೆ 1.4.9ರಲ್ಲಿ ಸರಿಮಾಡಿದ್ರು. ಅಪ್‌ಡೇಟ್ ಮಾಡುವಾಗ ರೀಡೈರೆಕ್ಟ್ ಆಫ್ ಮಾಡಿಕೊಳ್ಳಿ ಅಂತಾನೂ ಹೇಳಿದ್ರು.

ಕ್ಯಾಶ್ ಬೇಡ ಅಂತ ನಾನು ಹೇಳ್ತಿಲ್ಲ. ಕ್ಯಾಶ್ ಪೆಟ್ಟಿಗೆಯನ್ನೂ ಒಂದು ಮುಖ್ಯ ಸರ್ವರ್ ಅಂತ ನೋಡಿಕೊಳ್ಳಿ. 3142 ಸರ್ವರ್ ವಿಲ್ಯಾನ್‌ಗೆ ಮಾತ್ರ ತೆರೆದಿರಲಿ, ಗೆಸ್ಟ್ ವೈಫೈಗೆ ಬೇಡ. ಸೆಕ್ಯುರಿಟಿ.ಕಾನ್ಫ್‌ನಲ್ಲಿ ಅಡ್ಮಿನ್‌ಆಥ್ ಹಾಕಿ, ಇಲ್ಲದಿದ್ರೆ ರಿಪೋರ್ಟ್ ಪೇಜ್‌ನಿಂದ ಯಾರು ಬೇಕಾದ್ರೂ ಕ್ಯಾಶ್ ಅಳಿಸೋ ಕೆಲಸ ಶುರುಮಾಡಬಹುದು. ಪಾಸ್‌ಥ್ರೂಪ್ಯಾಟರ್ನ್‌ನಲ್ಲಿ ಎಲ್ಲಾ ಹೋಸ್ಟ್ ಬಿಟ್ಟರಂತೂ ಅದು ಯಾರಿಗೆ ಬೇಕಾದ್ರೂ ಹೊರಹೋಗೋ ಬಾಗಿಲು.

ಮಲ್ಲೇಶ್ವರಂ_ಶೆಲ್
ಒಪ್ಪಿದೆ. 2019ರದ್ದು ನಾನು ಬಿಟ್ಟುಬಿಟ್ಟಿದ್ದೆ.

ಹುಬ್ಬಳ್ಳಿ_ಟು_ಹೆಬ್ಬಾಳ
ಎಲ್ಲಾರೂ ಆಪ್ಟ್ ಆಪ್ಟ್ ಅನ್ಕೋತ ಕುಂತೀರಿ, ಆ 6 ರಾಕಿ ಯಂತ್ರದ್ದು ಏನ್ರಿ?

ಅವಕ್ಕ ಸ್ಕ್ವಿಡ್ (ಯಾವ ವೆಬ್ ಫೈಲಿಗೂ ಆಗೂ ಕ್ಯಾಶ್ ಪ್ರಾಕ್ಸಿ) ಹಾಕ್ರಿ, ಪೋರ್ಟ್ 3128. ಡಿಎನ್‌ಎಫ್.ಕಾನ್ಫ್‌ದಾಗ (ಡಿಎನ್‌ಎಫ್ ಅಂದ್ರ ರಾಕಿಯ ಆಪ್ಟ್ ಇದ್ದಂಗ) ಪ್ರಾಕ್ಸಿ ಸಾಲು ಸೇರಿಸ್ರಿ. ಅಷ್ಟಕ್ಕ ಮುಗೀಲಿಲ್ಲ. ರೆಪೊ ಫೈಲಿನ್ಯಾಗ ಮಿರರ್‌ಲಿಸ್ಟ್ ಐತಲ್ಲ, ಅದು ಒಮ್ಮೆ ಒಂದು ಮಿರರ್ ಕೊಡತೈತಿ, ಇನ್ನೊಮ್ಮೆ ಇನ್ನೊಂದು. ಸ್ಕ್ವಿಡ್‌ಗೆ ವಿಳಾಸ ಬ್ಯಾರೆ ಅಂದ್ರ ಫೈಲೂ ಬ್ಯಾರೆ. ಒಂದೇ ಆರ್‌ಪಿಎಂ (ರಾಕಿಯ ಪ್ಯಾಕೇಜ್ ಫೈಲ್) ಆರು ಸಲ ಇಳೀತೈತಿ, ಕ್ಯಾಶ್ ಹಿಟ್ ಒಂದೂ ಇಲ್ಲ. ಮಿರರ್‌ಲಿಸ್ಟ್ ಸಾಲು ಮುಚ್ರಿ, ಬೇಸ್‌ಯುಆರ್‌ಎಲ್ ತೆಗೀರಿ, ಆರಕ್ಕೂ ಒಂದೇ ಹತ್ತಿರದ ಎಚ್‌ಟಿಟಿಪಿ ಮಿರರ್ ಕೊಡ್ರಿ.

ಸ್ಕ್ವಿಡ್‌ನ ಮೂರು ಡೀಫಾಲ್ಟ್ ಬದಲಿ ಮಾಡ್ಲೇಬೇಕು. ಮ್ಯಾಕ್ಸಿಮಮ್_ಆಬ್ಜೆಕ್ಟ್_ಸೈಜ್ ಬರೇ 4 ಎಂಬಿ ಇರತೈತಿ. ಕರ್ನಲ್ ಆರ್‌ಪಿಎಂ ಅದಕ್ಕಿಂತ ದೊಡ್ಡದು, ಹಂಗಾಗಿ ಯಾವ ದೊಡ್ಡ ಫೈಲೂ ಡಿಸ್ಕ್‌ನ್ಯಾಗ ಉಳಿಯೂದಿಲ್ಲ. 1 ಜಿಬಿ ಮಾಡ್ರಿ, ಮತ್ತ ಆ ಸಾಲು ಕ್ಯಾಶ್_ಡಿಐಆರ್ ಸಾಲಿನ ಮ್ಯಾಲೆ ಇರಬೇಕು, ಕೆಳಗ ಬರದ್ರ ಆ ಕ್ಯಾಶಿಗೆ ತಾಗೂದಿಲ್ಲ. ಎರಡನೇದು, ಕ್ಯಾಶ್_ಡಿಐಆರ್ ಸಾಲೇ ಕಮೆಂಟ್ ಆಗಿರತೈತಿ, ತೆಗೀದಿದ್ರ ಎಲ್ಲಾ ಮೆಮೊರಿಯೊಳಗ ಅಷ್ಟೇ. 40000 ಎಂಬಿ ಕೊಡ್ರಿ. ಮೂರನೇದು ಕೊಲ್ಯಾಪ್ಸ್ಡ್_ಫಾರ್ವರ್ಡಿಂಗ್, ಅದು ಆಫ್ ಇರತೈತಿ. ಆರೂ ಯಂತ್ರ ಒಮ್ಮೆಲೇ ಕೇಳಿದ್ರ ಹೊರಗಿನಿಂದ ಆರು ಸಲ ತರತೈತಿ. ಆನ್ ಮಾಡ್ರಿ.

ರಿಫ್ರೆಶ್_ಪ್ಯಾಟರ್ನ್‌ನ್ಯಾಗ ಆರ್‌ಪಿಎಂ ಫೈಲಿಗೆ ದೊಡ್ಡ ಅವಧಿ, ರೆಪೊಎಂಡಿ (ಇಂಡೆಕ್ಸ್) ಫೈಲಿಗೆ ಸೊನ್ನಿ. ಆರ್‌ಪಿಎಂ ಹೆಸರಿನ್ಯಾಗ ಆವೃತ್ತಿ ಇರತೈತಿ, ಬದಲಾಗೂದಿಲ್ಲ. ರೆಪೊಎಂಡಿ ದಿನಾ ಬದಲಾಗತೈತಿ.

ಪೀಣ್ಯ_ರ‍್ಯಾಕ್
ಅಣ್ಣಾ, ಆರೇ ಯಂತ್ರಕ್ಕೆ ಸ್ಕ್ವಿಡ್ ಬೇಕಾ? ರೆಪೊಸಿಂಕ್ (ರೆಪೊದ ನಕಲು ಇಳಿಸೋ ಕಮಾಂಡ್) ಹೊಡೆದು ಫೋಲ್ಡರ್ ಹಂಚಿದ್ರೆ?

ಹುಬ್ಬಳ್ಳಿ_ಟು_ಹೆಬ್ಬಾಳ
ಮಾಡಬಹುದು, ಆದ್ರ ಆರು ಯಂತ್ರಕ್ಕ ಪೂರ್ತಿ ಆಪ್‌ಸ್ಟ್ರೀಮ್ ರೆಪೊ ಇಳಿಸೂದು ಭಾಳ ಆತು. ಮಾಡಿದ್ರಂತೂ ಡೌನ್‌ಲೋಡ್-ಮೆಟಾಡೇಟಾ ಆಯ್ಕೆ ಹಾಕ್ರಿ. ಅದನ್ನ ಬಿಟ್ಟು ಕ್ರಿಯೇಟ್‌ರೆಪೊ_ಸಿ ಓಡಿಸಿದ್ರ ಮಾಡ್ಯೂಲ್ ಮಾಹಿತಿ ಕಳಕೋತೀರಿ, ಡಿಎನ್‌ಎಫ್ ಮಾಡ್ಯೂಲ್ ಲಿಸ್ಟ್ ಖಾಲಿ ಕಾಣತೈತಿ. ಮೆಟಾಡೇಟಾ ಜೊತಿಗೆ ನ್ಯೂಯೆಸ್ಟ್-ಓನ್ಲಿ ಹಾಕಿದ್ರ ಇನ್ನೊಂದು ತಾಪತ್ರಯ: ಮೆಟಾಡೇಟಾದಾಗ ಹಳೇ ಆವೃತ್ತಿ ಹೆಸರು ಇರತೈತಿ, ಫೈಲ್ ಇರೂದಿಲ್ಲ. ಡೌನ್‌ಗ್ರೇಡ್ ಮಾಡಾಕ ಹೋದಾಗ 404.

ಬಸವನಗುಡಿ_ಬ್ಯಾಷ್
ಒಂದು ಅಡ್ಡಮಾತು. ಮಿರರ್‌ಗೆ ಕನ್ನಡಿ ಅಂತ ಯಾರೂ ಬರೀತಿಲ್ಲ ಯಾಕೆ?

ಎಲೆಕ್ಟ್ರಾನಿಕ್_ಸಿಟಿ_ಆಪ್ಸ್
ಕನ್ನಡಿಯಲ್ಲಿ ಕಾಣೋದು ಬಿಂಬ, ಅದನ್ನ ಕೈಗೆ ತಗೊಳ್ಳೋಕೆ ಆಗಲ್ಲ. ಇಲ್ಲಿ ಇಡೀ ಫೈಲೇ ಇರತ್ತೆ. ನಕಲು ತಾಣ ಅನ್ನಬಹುದು.

ಕಣಜ_3142
ಪೂಲ್‌ಗೆ ಕಣಜ ಚೆನ್ನಾಗಿ ಹೊಂದತ್ತೆ. ಊರಿಗೆಲ್ಲ ಬೇಕಾಗೋ ಕಾಳು ಒಂದು ಕಡೆ ತುಂಬಿಟ್ಟು, ಬೇಕಾದವರು ಬೇಕಾದಾಗ ಅಳೆದುಕೊಂಡು ಹೋಗೋದು. ನನ್ನ ಹೆಸರೂ ಅದಕ್ಕೇ. ಕ್ಯಾಶ್‌ಗೆ ಮಾತ್ರ ಕ್ಯಾಶ್ ಅಂತಾನೇ ಇರಲಿ, ಎಲ್ಲರಿಗೂ ತಿಳಿಯತ್ತೆ.

ಬಸವನಗುಡಿ_ಬ್ಯಾಷ್
ಕಣಜ ಒಪ್ಪಿದೆ. ನಾನಿನ್ನು ಹಾಗೇ ಬರೀತೀನಿ.

ಪೀಣ್ಯ_ರ‍್ಯಾಕ್
ವಿಷಯಕ್ಕೆ ಬರೋಣ. ಇವತ್ತು ಒಂದು ವಿಚಿತ್ರ. 26 ಉಬುಂಟು ಯಂತ್ರಗಳು, ಕ್ಯಾಶ್ ಒಂದೇ, ಸೋರ್ಸ್ ಒಂದೇ. ಕೆಲವದರಲ್ಲಿ ಒಂದು ಪ್ಯಾಕೇಜ್ ಅಪ್‌ಗ್ರೇಡ್ ಆಗ್ತಿದೆ, ಉಳಿದವಲ್ಲಿ ಕೆಪ್ಟ್ ಬ್ಯಾಕ್ (ತಡೆಹಿಡಿದಿದೆ) ಅಂತಿದೆ. ಕ್ಯಾಶ್ ಕೆಟ್ಟಿದೆಯಾ?

ರಾಜಾಜಿನಗರ_ಅನ್ಸಿಬಲ್
ಕ್ಯಾಶ್ ತಪ್ಪಲ್ಲ ಗುರೂ. ಅದು ಉಬುಂಟುವಿನ ಹಂತಹಂತದ ಬಿಡುಗಡೆ, ಫೇಸ್ಡ್ ಅಪ್‌ಡೇಟ್. 21.04ರಿಂದ ಆಪ್ಟ್ ಅದನ್ನ ಪಾಲಿಸತ್ತೆ. ಮೊದಲು ಶೇಕಡ ಇಷ್ಟು ಯಂತ್ರಗಳಿಗೆ ಮಾತ್ರ, ತೊಂದರೆ ವರದಿ ಬರದಿದ್ರೆ ಮೆಲ್ಲಗೆ ಏರಿಸ್ತಾರೆ. ಯಾವ ಯಂತ್ರ ಆ ಪಾಲಿಗೆ ಬೀಳತ್ತೆ ಅನ್ನೋದು ಅದರ ಮಷಿನ್-ಐಡಿ ಮೇಲೆ. ಆಪ್ಟ್ ಪಾಲಿಸಿ ಹೊಡೆದ್ರೆ ಆವೃತ್ತಿಯ ಪಕ್ಕದಲ್ಲೇ ಶೇಕಡವಾರು ಕಾಣತ್ತೆ. ಸೆಕ್ಯುರಿಟಿ ಅಪ್‌ಡೇಟ್‌ಗಳಿಗೆ ಈ ಹಂತ ಇಲ್ಲ, ಅವು ಎಲ್ಲರಿಗೂ ಒಮ್ಮೆಗೇ.

ಗುಂಪೆಲ್ಲ ಒಂದೇ ಥರ ಇರಬೇಕು ಅಂದ್ರೆ ಆಪ್ಟ್::ಮಷಿನ್-ಐಡಿ ಅನ್ನೋ ಸೆಟ್ಟಿಂಗ್ ಇದೆ. ಎಲ್ಲಾ 26ಕ್ಕೂ ಒಂದೇ ಬೆಲೆ ಕೊಡಿ, ಎಲ್ಲವೂ ಒಟ್ಟಿಗೆ ಒಳಗೆ, ಇಲ್ಲ ಒಟ್ಟಿಗೆ ಹೊರಗೆ. ಇಟಿಸಿ ಒಳಗಿನ ನಿಜವಾದ ಮಷಿನ್-ಐಡಿ ಫೈಲನ್ನ ಮಾತ್ರ ಒಂದೇ ಮಾಡಬೇಡಿ, ಡಿಎಚ್‌ಸಿಪಿ ಅದನ್ನೇ ಗುರುತಾಗಿ ಬಳಸೋ ಕಡೆ ಎರಡು ಯಂತ್ರಕ್ಕೆ ಒಂದೇ ಐಪಿ ಸಿಗತ್ತೆ.

ಪೀಣ್ಯ_ರ‍್ಯಾಕ್
ಪಾಲಿಸಿ ಹೊಡೆದೆ, ಫೇಸ್ಡ್ 20% ಅಂತ ಬಂತು. ಸರಿಹೋಯ್ತು.

ಎಲೆಕ್ಟ್ರಾನಿಕ್_ಸಿಟಿ_ಆಪ್ಸ್
ನೋಡಿ, ಇಲ್ಲೇ ಕ್ಯಾಶ್‌ನ ಮಿತಿ ಕಾಣೋದು. ಕ್ಯಾಶ್ ಲೈನ್ ಉಳಿಸತ್ತೆ, ಯಾವ ಯಂತ್ರದಲ್ಲಿ ಯಾವ ಆವೃತ್ತಿ ಇರಬೇಕು ಅನ್ನೋದನ್ನ ಹಿಡಿದಿಡಲ್ಲ. ಸೋಮವಾರ ಟೆಸ್ಟ್ ಸರ್ವರ್‌ನಲ್ಲಿ ಹಾಕಿ ನೋಡಿದ್ದು ಒಂದು ಆವೃತ್ತಿ, ಗುರುವಾರ ಪ್ರೊಡಕ್ಷನ್‌ಗೆ ಬರೋದು ಇನ್ನೊಂದು. ಪರೀಕ್ಷೆ ಮಾಡಿದ್ದಕ್ಕೆ ಅರ್ಥವೇ ಉಳಿಯಲ್ಲ.

ಅದಕ್ಕೆ ಆಪ್ಟ್ಲಿ, ಮಿರರ್‌ನ ಆ ಕ್ಷಣದ ಸ್ಥಿತಿಯನ್ನ ಸ್ನ್ಯಾಪ್‌ಶಾಟ್ ಆಗಿ ಹಿಡಿದಿಡೋ ಪ್ರೋಗ್ರಾಂ. ಮಿರರ್ ಕ್ರಿಯೇಟ್, ಮಿರರ್ ಅಪ್‌ಡೇಟ್, ಆಮೇಲೆ ಸ್ನ್ಯಾಪ್‌ಶಾಟ್ ಕ್ರಿಯೇಟ್. ಆ ಸ್ನ್ಯಾಪ್‌ಶಾಟ್ ಬದಲಾಗಲ್ಲ. ಅದನ್ನ ಟೆಸ್ಟ್ ಗುಂಪಿಗೆ ಪಬ್ಲಿಶ್ ಮಾಡಿ, ಮೂರು ದಿನ ನೋಡಿ, ಪ್ರೊಡಕ್ಷನ್‌ಗೆ ಪಬ್ಲಿಶ್ ಸ್ವಿಚ್. ಒಂದೇ ಕಮಾಂಡ್‌ನಲ್ಲಿ ಹಿಂದಕ್ಕೂ ಬರಬಹುದು. ಸ್ನ್ಯಾಪ್‌ಶಾಟ್ ಎಷ್ಟಿದ್ರೂ ಪೂಲ್‌ನಲ್ಲಿ ಫೈಲ್ ಒಂದೇ, ಪಬ್ಲಿಶ್ ಮಾಡಿದ್ದು ಹಾರ್ಡ್‌ಲಿಂಕ್. ಆದ್ದರಿಂದ ಪೂಲ್ ಮತ್ತು ಪಬ್ಲಿಕ್ ಫೋಲ್ಡರ್ ಒಂದೇ ಫೈಲ್‌ಸಿಸ್ಟಂನಲ್ಲಿರಲಿ. ಸಹಿ ನಿಮ್ಮದೇ ಕೀಲಿಯಿಂದ ಆಗತ್ತೆ, ಅದರ ಪಬ್ಲಿಕ್ ಭಾಗ ಎಲ್ಲಾ ಕ್ಲೈಂಟ್‌ಗೂ ಹೋಗಬೇಕು, ಸೈನ್ಡ್-ಬೈ ಅದನ್ನೇ ತೋರಿಸಬೇಕು. ಹಳೇ ಸ್ನ್ಯಾಪ್‌ಶಾಟ್ ಡ್ರಾಪ್ ಮಾಡಿದಮೇಲೆ ಡಿಬಿ ಕ್ಲೀನಪ್ ಓಡಿಸದಿದ್ರೆ ಜಾಗ ವಾಪಸ್ ಬರಲ್ಲ.

2024ರ ಮಾರ್ಚ್‌ನ ಎಕ್ಸ್‌ಝಡ್ (ಫೈಲ್ ಕುಗ್ಗಿಸೋ ಪ್ರೋಗ್ರಾಂ) ಹಿಂಬಾಗಿಲು ನೆನಪಿರಬೇಕು, ಸಿವಿಇ-2024-3094. ಬಂದಿದ್ದನ್ನೆಲ್ಲ ತಕ್ಷಣ ಹಾಕ್ಕೊಂಡೋರು ಸಿಕ್ಕಿಬಿದ್ರು.

ವೈಟ್‌ಫೀಲ್ಡ್_ಸೆಕ್
ಇದನ್ನ ತಿದ್ದಲೇಬೇಕು. ಎಕ್ಸ್‌ಝಡ್ 5.6.0, 5.6.1 ಡೆಬಿಯನ್ ಸ್ಟೇಬಲ್‌ಗೆ ಬರಲೇ ಇಲ್ಲ, ಉಬುಂಟು 22.04ಕ್ಕೂ ಬರಲಿಲ್ಲ. ಟೆಸ್ಟಿಂಗ್, ಅನ್‌ಸ್ಟೇಬಲ್, ಫೆಡೋರಾ ರಾಹೈಡ್ ಅಂಥ ಕಡೆ ಸಿಕ್ಕಿದ್ದು. ಸ್ಟೇಬಲ್ ಬಳಸೋರು ಮೂರು ದಿನ ಕಾದದ್ದರಿಂದ ಬಚಾವಾದ್ರು ಅನ್ನೋದು ತಪ್ಪು.

ಅದೇ ವರ್ಷ ಜುಲೈ 1ಕ್ಕೆ ಸಿವಿಇ-2024-6387 ಬಂತು, ಓಪನ್‌ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗೋ ಪ್ರೋಗ್ರಾಂ) 8.5ಪಿ1ರಿಂದ 9.7ಪಿ1 ತನಕ. ಉಬುಂಟು 22.04ರಲ್ಲಿ 8.9, ಡೆಬಿಯನ್ 12ರಲ್ಲಿ 9.2, ರಾಕಿ 9ರಲ್ಲಿ 8.7. ಈ ಅಣ್ಣನ ಮೂರೂ ಗುಂಪು ಅದರೊಳಗಿದ್ದವು. ಆವತ್ತು ಸ್ನ್ಯಾಪ್‌ಶಾಟ್ ಮೂರು ದಿನ ಹಣ್ಣಾಗಲಿ ಅಂತ ಕೂರೋದು ಅಪಾಯ. ಸ್ನ್ಯಾಪ್‌ಶಾಟ್ ಇಡಿ, ಆದ್ರೆ ಸೆಕ್ಯುರಿಟಿ ಪಾಕೆಟ್ (ಭದ್ರತಾ ಅಪ್‌ಡೇಟ್‌ಗಳ ಪ್ರತ್ಯೇಕ ವಿಭಾಗ) ಅದರ ಹೊರಗಿರಲಿ, ನೇರ ಕ್ಯಾಶ್ ಮೂಲಕ ಬರಲಿ.

ಎಲೆಕ್ಟ್ರಾನಿಕ್_ಸಿಟಿ_ಆಪ್ಸ್
ಎಕ್ಸ್‌ಝಡ್ ಉದಾಹರಣೆ ತಪ್ಪಾಯ್ತು, ಒಪ್ತೀನಿ. ಆದ್ರೆ ಸೆಕ್ಯುರಿಟಿ ಪಾಕೆಟ್ ಹೊರಗಿಟ್ರೆ ಅವಲಂಬನೆ ಹೊಂದದ ಸಂದರ್ಭ ಬರತ್ತೆ. ಸೆಕ್ಯುರಿಟಿಯ ಹೊಸ ಪ್ಯಾಕೇಜ್ ಕೇಳೋ ಲೈಬ್ರರಿ ಆವೃತ್ತಿ ಬರೀ ಅಪ್‌ಡೇಟ್ಸ್‌ನಲ್ಲಿದ್ರೆ?

ಮಲ್ಲೇಶ್ವರಂ_ಶೆಲ್
ಬರಲ್ಲ. ಉಬುಂಟು ಸೆಕ್ಯುರಿಟಿ ಪ್ಯಾಕೇಜ್‌ಗಳನ್ನ ಮೂಲ ಬಿಡುಗಡೆ ಮತ್ತು ಸೆಕ್ಯುರಿಟಿ, ಈ ಎರಡರ ಮೇಲೇ ಕಟ್ಟೋದು, ಅಪ್‌ಡೇಟ್ಸ್ ಇಲ್ಲದೆಯೂ ಹೊಂದಬೇಕು ಅನ್ನೋದೇ ಆ ಪಾಕೆಟ್‌ನ ನಿಯಮ. ಮೇಡಂ ಹೇಳಿದ್ದೇ ಸರಿ.

ರಾಜಾಜಿನಗರ_ಅನ್ಸಿಬಲ್
ಇಳಿಸೋದು ಬೇರೆ, ಹಾಕೋದು ಬೇರೆ. ಎರಡನ್ನೂ ಬಿಡಿಸಿ. ರಾತ್ರಿ ಎಲ್ಲಾ ಯಂತ್ರದಲ್ಲಿ ಆಪ್ಟ್-ಗೆಟ್‌ಗೆ ಡಿ ಆಯ್ಕೆ ಕೊಟ್ಟು ಬರೀ ಇಳಿಸಿಕೊಳ್ಳಿ. ಬೆಳಗ್ಗೆ ಅನ್ಸಿಬಲ್‌ನಲ್ಲಿ (ಹಲವು ಯಂತ್ರಗಳಿಗೆ ಒಂದೇ ಕಡೆಯಿಂದ ಕೆಲಸ ಕೊಡೋ ಸಾಧನ) ಹಾಕಿ. ಸೀರಿಯಲ್‌ಗೆ ಪಟ್ಟಿ ಕೊಡಬಹುದು: ಮೊದಲು 1, ಆಮೇಲೆ 5, ಆಮೇಲೆ 25%. ಮ್ಯಾಕ್ಸ್_ಫೇಲ್_ಪರ್ಸೆಂಟೇಜ್ 0 ಇಟ್ರೆ ಮೊದಲ ಯಂತ್ರ ಬಿದ್ದ ಕೂಡಲೇ ಉಳಿದ 39 ಹಾಗೇ ಸುರಕ್ಷಿತ.

22.04ರಲ್ಲಿ ನೀಡ್‌ರೀಸ್ಟಾರ್ಟ್ ಒಂದು ಪರದೆ ತೆಗೆದು ಯಾವ ಸೇವೆ ರೀಸ್ಟಾರ್ಟ್ ಮಾಡ್ಲಿ ಅಂತ ಕೇಳತ್ತೆ. ಸ್ಕ್ರಿಪ್ಟ್ ಅಲ್ಲೇ ಕೂತಿರತ್ತೆ. ನೀಡ್‌ರೀಸ್ಟಾರ್ಟ್_ಮೋಡ್‌ಗೆ ಎ ಕೊಡಿ, ಡೆಬಿಯನ್_ಫ್ರಂಟ್‌ಎಂಡ್‌ಗೆ ನಾನ್‌ಇಂಟರಾಕ್ಟಿವ್. ಕಾನ್ಫಿಗ್ ಫೈಲ್ ಪ್ರಶ್ನೆಗೆ ಡಿಪಿಕೆಜಿಯ ಫೋರ್ಸ್-ಕಾನ್ಫೋಲ್ಡ್, ನೀವು ತಿದ್ದಿದ ಹಳೇ ಫೈಲೇ ಉಳಿಯತ್ತೆ. ರೀಬೂಟ್ ಬೇಕಾ ಅನ್ನೋದಕ್ಕೆ /ವಾರ್/ರನ್/ರೀಬೂಟ್-ರಿಕ್ವೈರ್ಡ್ ಫೈಲ್ ಇದೆಯಾ ನೋಡಿ ಸಾಕು.

ಆ 9 ಗಂಟೆ ಕ್ರಾನ್ ತೆಗೀರಿ ದಯವಿಟ್ಟು. ಆಪ್ಟ್ ಜೊತೆಗೇ ಬರೋ ಆಪ್ಟ್-ಡೈಲಿ ಟೈಮರ್ 6ಕ್ಕೆ, 18ಕ್ಕೆ ಶುರುವಾಗಿ ಪ್ರತಿಸಲ 12 ಗಂಟೆ ತನಕ ಯಾದೃಚ್ಛಿಕವಾಗಿ ತಡ ಮಾಡತ್ತೆ. ಇಳಿಸೋದು ದಿನವಿಡೀ ಹರಡಿಕೊಳ್ಳತ್ತೆ. ಹಾಕೋ ಟೈಮರ್ 6ಕ್ಕೆ, 60 ನಿಮಿಷದ ತಡದೊಳಗೆ. ಕ್ಯಾಶ್ ಇಲ್ಲದಿದ್ರೂ ಅರ್ಧ ನೋವು ಇದರಿಂದಲೇ ಹೋಗತ್ತೆ.

ಬನಶಂಕರಿ_ವಿಎಂ
ಇಳಿಸೋದನ್ನೇ ಕಡಿಮೆ ಮಾಡಬಹುದು. 350 ಎಂಬಿಯಲ್ಲಿ ದೊಡ್ಡ ಪಾಲು ಲಿನಕ್ಸ್-ಫರ್ಮ್‌ವೇರ್, 22.04ರಲ್ಲಿ ಅದೊಂದೇ 200 ಎಂಬಿ ಮೇಲೆ. ವೈಫೈ ಕಾರ್ಡು, ಗ್ರಾಫಿಕ್ಸ್ ಕಾರ್ಡಿನ ಬ್ಲಾಬ್‌ಗಳು ಅವು. ವಿಎಂಗೆ ಬೇಕಿಲ್ಲ. ಲಿನಕ್ಸ್-ವರ್ಚುವಲ್ ಹಾಕಿ, ಲಿನಕ್ಸ್-ಜೆನೆರಿಕ್ ಮತ್ತು ಲಿನಕ್ಸ್-ಇಮೇಜ್-ಜೆನೆರಿಕ್ ತೆಗೆದು, ಆಟೋರಿಮೂವ್ ಕೊಡಿ. ಫರ್ಮ್‌ವೇರ್, ಮಾಡ್ಯೂಲ್ಸ್-ಎಕ್ಸ್‌ಟ್ರಾ ಎರಡೂ ಹೋಗತ್ತೆ. ಜಿಪಿಯು ಪಾಸ್‌ಥ್ರೂ ಇರೋ ವಿಎಂನಲ್ಲಿ ಮಾತ್ರ ಮಾಡಬೇಡಿ. ಮೊದಲು ಒಂದರಲ್ಲಿ ಮಾಡಿ ರೀಬೂಟ್ ನೋಡಿ. /ಬೂಟ್ ತುಂಬೋ ರಗಳೆಯೂ ಕಡಿಮೆಯಾಗತ್ತೆ.

ಪೀಣ್ಯ_ರ‍್ಯಾಕ್
ಅಯ್ಯೋ, ಇದು ಗೊತ್ತೇ ಇರಲಿಲ್ಲ. 26ರಲ್ಲಿ 22 ವಿಎಂ.

ಜಯನಗರ_4ನೇ_ಬ್ಲಾಕ್
ಸ್ನ್ಯಾಪ್ ಪ್ಯಾಕೇಜ್ (ಉಬುಂಟುವಿನ ಇನ್ನೊಂದು ಬಗೆ)?

ಬನಶಂಕರಿ_ವಿಎಂ
ಅದು ಆಪ್ಟ್ ಪ್ರಾಕ್ಸಿಗೆ ಬರಲ್ಲ, ಎಚ್‌ಟಿಟಿಪಿಎಸ್‌ನಲ್ಲಿ ತಾನೇ ಹೋಗತ್ತೆ. 22.04 ಸರ್ವರ್‌ನಲ್ಲಿ ಎಲ್‌ಎಕ್ಸ್‌ಡಿ ಸ್ನ್ಯಾಪ್ ಮೊದಲೇ ಇರತ್ತೆ, ಬಳಸದಿದ್ರೆ ಸ್ನ್ಯಾಪ್ ರಿಮೂವ್. ಬಳಸೋದಾದ್ರೆ ರಿಫ್ರೆಶ್.ಟೈಮರ್ ರಾತ್ರಿಗೆ ಇಡಿ.

ಬಸವನಗುಡಿ_ಬ್ಯಾಷ್
ಬದಲಾದಷ್ಟೇ ಇಳಿಸೋ ಡೆಲ್ಟಾ ಪ್ಯಾಕೇಜ್?

ಹುಬ್ಬಳ್ಳಿ_ಟು_ಹೆಬ್ಬಾಳ
ಅದರ ಕಾಲ ಮುಗೀತ್ರಿ. ಫೆಡೋರಾನೇ 40ರಿಂದ ಡೆಲ್ಟಾ ಆರ್‌ಪಿಎಂ ಆಫ್ ಮಾಡೇತಿ. ಉಳಿಯೂ ಬ್ಯಾಂಡ್‌ವಿಡ್ತ್ ಸ್ವಲ್ಪ, ತಿರುಗಿ ಕಟ್ಟಾಕ ಸಿಪಿಯು ಭಾಳ.

ಯಶವಂತಪುರ_ಯುಪಿಎಸ್
ಕ್ಯಾಶ್ ಪೆಟ್ಟಿಗೆ ಬಿದ್ದರೆ 34 ಯಂತ್ರಕ್ಕೂ ಅಪ್‌ಡೇಟ್ ನಿಲ್ಲುತ್ತದೆ. ಇದರ ಬಗ್ಗೆ ಯಾರೂ ಬರೆದಿಲ್ಲ.

01ಪ್ರಾಕ್ಸಿಯಲ್ಲಿ ನೇರ ವಿಳಾಸದ ಬದಲು ಪ್ರಾಕ್ಸಿ-ಆಟೋ-ಡಿಟೆಕ್ಟ್ ಹಾಕಿ, ಒಂದು ಸಣ್ಣ ಸ್ಕ್ರಿಪ್ಟ್‌ನ ದಾರಿ ಕೊಡಿ. ಸ್ಕ್ರಿಪ್ಟ್ ಎನ್‌ಸಿಯಿಂದ 1 ಸೆಕೆಂಡ್ ಟೈಮೌಟ್ ಇಟ್ಟು 3142 ತಟ್ಟಬೇಕು. ಉತ್ತರ ಬಂದರೆ ಪ್ರಾಕ್ಸಿ ವಿಳಾಸ, ಇಲ್ಲದಿದ್ದರೆ ದೊಡ್ಡಕ್ಷರದಲ್ಲಿ ಡೈರೆಕ್ಟ್ ಎಂದು ಮುದ್ರಿಸಬೇಕು. ಅನುಮತಿ 755. ಬರೆಯುವ ಶ್ರಮ ಬೇಡವೆಂದರೆ ಆಟೋ-ಆಪ್ಟ್-ಪ್ರಾಕ್ಸಿ ಪ್ಯಾಕೇಜ್ ಇದೆ. ಡಿಎನ್‌ಎಸ್‌ನಲ್ಲಿ _ಆಪ್ಟ್_ಪ್ರಾಕ್ಸಿ._ಟಿಸಿಪಿ ಎಂಬ ಎಸ್‌ಆರ್‌ವಿ ದಾಖಲೆ ಇಟ್ಟರೆ ತಾನೇ ಹುಡುಕಿಕೊಳ್ಳುತ್ತದೆ.

ಬೆಸ್ಕಾಂ ಕರೆಂಟ್ ಹೋಗಿ ಬರುವ ಪೀಣ್ಯದಂಥ ಕಡೆ ಕ್ಯಾಶ್ ವಿಎಂ ಯುಪಿಎಸ್ ಮೇಲಿರುವ ಹೋಸ್ಟ್‌ನಲ್ಲೇ ಇರಲಿ, ಮತ್ತು ಮೊದಲು ಏಳುವಂತೆ ಆಟೋಸ್ಟಾರ್ಟ್ ಕ್ರಮ ಇಡಿ. ಆಪ್ಟ್ ಟೈಮರ್‌ಗಳು ಪರ್ಸಿಸ್ಟೆಂಟ್. ಯಂತ್ರ ಆಫ್ ಇದ್ದಾಗ ತಪ್ಪಿದ ಓಟವನ್ನು ಎದ್ದ ಮೇಲೆ ಓಡಿಸುತ್ತವೆ. ಆ ಹೊತ್ತಿಗೆ ಕ್ಯಾಶ್ ಎದ್ದಿಲ್ಲದಿದ್ದರೆ ಎಲ್ಲವೂ ಡೈರೆಕ್ಟ್ ದಾರಿ ಹಿಡಿದು ಮತ್ತೆ ಲೈನ್ ತುಂಬುತ್ತದೆ. ಅದಕ್ಕೆ ಅಕ್ವೈರ್::ಎಚ್‌ಟಿಟಿಪಿ::ಡಿಎಲ್-ಲಿಮಿಟ್ 500 ಎಂದು ಹಾಕಿ, ಸೆಕೆಂಡಿಗೆ 500 ಕೆಬಿ. ಲೆಕ್ಕ ಒಂದೊಂದು ಯಂತ್ರಕ್ಕೆ, ಗುಂಪಿಗಲ್ಲ.

ಪೀಣ್ಯ_ರ‍್ಯಾಕ್
ಎರಡು ವಾರ ಆಯ್ತು. ಕ್ರಾನ್ ತೆಗೆದೆ, ವಿಎಂಗಳಿಂದ ಫರ್ಮ್‌ವೇರ್ ತೆಗೆದೆ, ರಾಕಿಗೆ ಸ್ಕ್ವಿಡ್, ಡಾಕರ್‌ಗೆ ಮೂರು ಓರೆಗೆರೆ ವಿಳಾಸ. ಆಪ್ಟ್ಲಿ ಡೇಟಾಬೇಸ್ ಇರೋ 4 ಯಂತ್ರಕ್ಕೆ ಮಾತ್ರ, ಸೆಕ್ಯುರಿಟಿ ಹೊರಗೆ.

ನಿನ್ನೆ ಎರಡು ಯಂತ್ರದಲ್ಲಿ ಹ್ಯಾಶ್ ಸಮ್ ಮಿಸ್‌ಮ್ಯಾಚ್ ಬಂತು. ಕ್ಯಾಶ್ ಡಿಸ್ಕ್ 100% ತೋರಿಸ್ತಿದೆ. ಎರಡಕ್ಕೂ ಸಂಬಂಧ ಇದೆಯಾ? ಇನ್ನೊಂದು, ನಿಜವಾಗ್ಲೂ ಎಷ್ಟು ಉಳೀತಿದೆ ಅಂತ ನೋಡೋದು ಹೇಗೆ?

ಕಣಜ_3142
ಇದೆ. ಡಿಸ್ಕ್ ತುಂಬಿದಾಗ ಅರ್ಧ ಬರೆದ ಇಂಡೆಕ್ಸ್ ಫೈಲ್ ಕ್ಯಾಶ್‌ನಲ್ಲಿ ಉಳಿದುಬಿಡತ್ತೆ, ಅದನ್ನೇ ಎಲ್ಲರಿಗೂ ಬಡಿಸತ್ತೆ. ಮೊದಲು ಜಾಗ ಮಾಡಿ. ಸೇವೆ ನಿಲ್ಲಿಸಿ, ಕ್ಯಾಶ್ ಫೋಲ್ಡರಿನ ಒಳಗೆ ಆ ರೆಪೊದ ಡಿಸ್ಟ್ಸ್ ಭಾಗ ಮಾತ್ರ ಅಳಿಸಿ, ಶುರುಮಾಡಿ. ಪೂಲ್ ಮುಟ್ಟಬೇಡಿ, ಮತ್ತೆ ಎಲ್ಲಾ ಇಳಿಸಬೇಕಾಗತ್ತೆ. ಕ್ಲೈಂಟ್‌ನಲ್ಲಿ /ವಾರ್/ಲಿಬ್/ಆಪ್ಟ್/ಲಿಸ್ಟ್ಸ್ ಖಾಲಿ ಮಾಡಿ ಆಪ್ಟ್ ಅಪ್‌ಡೇಟ್.

ಡಿಸ್ಕ್ ತುಂಬಿದ್ದು ಯಾಕೆ ಅಂದ್ರೆ, ದಿನದ ಕ್ರಾನ್ ಹಳೇ ಫೈಲ್ ಅಳಿಸಬೇಕು, ಎಕ್ಸ್‌ಥ್ರೆಶೋಲ್ಡ್ 4 ದಿನ. ಆದ್ರೆ ಯಾವುದಾದರೂ ಒಂದು ರೆಪೊದ ಇಂಡೆಕ್ಸ್ ತಾಜಾ ಮಾಡೋಕೆ ಆಗದಿದ್ರೆ, ತಪ್ಪು ಫೈಲ್ ಅಳಿಸೋದು ಬೇಡ ಅಂತ ಇಡೀ ಶುಚಿ ಕೆಲಸವನ್ನೇ ಕೈಬಿಡತ್ತೆ. ಎಕ್ಸ್‌ಅಬಾರ್ಟ್‌ಆನ್‌ಪ್ರಾಬ್ಲಮ್ಸ್ ಅಂದ್ರೆ ಅದೇ. ನೀವು ಡಾಕರ್ ವಿಳಾಸ ಬದಲಿಸಿದೀರಿ, ಇಲ್ಲ ಯಾವುದೋ ರೆಪೊ ತೆಗೆದಿದೀರಿ, ಹಳೇ ಇಂಡೆಕ್ಸ್ ಕ್ಯಾಶ್‌ನಲ್ಲಿ ಹಾಗೇ ಕೂತಿದೆ. ರಿಪೋರ್ಟ್ ಪೇಜ್‌ನಲ್ಲಿ ಎಕ್ಸ್‌ಪೈರೇಶನ್ ಕೈಯಿಂದ ಓಡಿಸಿ, ಕೆಂಪಲ್ಲಿ ಯಾವುದು ಬರತ್ತೆ ನೋಡಿ, ಆ ಫೋಲ್ಡರ್ ತೆಗೀರಿ.

ಉಳಿತಾಯಕ್ಕೆ ಅದರ ಲಾಗ್ ಫೈಲ್ ನೋಡಿ, ಆಪ್ಟ್-ಕ್ಯಾಷರ್.ಲಾಗ್. ಪ್ರತಿ ಸಾಲು ಕಂಬಗೆರೆಯಿಂದ ಭಾಗ ಆಗಿರತ್ತೆ: ಸಮಯ, ಆಮೇಲೆ ಐ ಅಥವಾ ಓ, ಆಮೇಲೆ ಬೈಟ್‌ಗಳು. ಐ ಅಂದ್ರೆ ಹೊರಗಿಂದ ಬಂದದ್ದು, ಓ ಅಂದ್ರೆ ನಿಮ್ಮ ಯಂತ್ರಗಳಿಗೆ ಕೊಟ್ಟದ್ದು. ಎಡಬ್ಲ್ಯೂಕೆಯಲ್ಲಿ ಎರಡನ್ನೂ ಕೂಡಿಸಿ ಭಾಗಿಸಿ.

ಪೀಣ್ಯ_ರ‍್ಯಾಕ್
ಹಳೇ ಡಾಕರ್ ಫೋಲ್ಡರೇ. ತೆಗೆದೆ, ಎಕ್ಸ್‌ಪೈರೇಶನ್ ಓಡಿ 31 ಜಿಬಿ ಖಾಲಿಯಾಯ್ತು. ಈಗಿನ ಲಾಗ್ ಫೈಲಿನ ಲೆಕ್ಕ, ಹಳೇ ಲಾಗ್‌ಗಳು ಸೇರಿಲ್ಲ: ಐ 1.9 ಜಿಬಿ, ಓ 38 ಜಿಬಿ.